ಹನ್ನೆರಡು ಹೆಜ್ಜೆಯ ಅಂತರ

ಗಂಡ ಹೆಂಡತಿ ಬೀದಿಯಲ್ಲಿ ನಡೆಯುವಾಗ ನಡುವೆ ಎಷ್ಟು ಹೆಜ್ಜೆ ಅಂತರವಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ೧೯೪೩ರಲ್ಲಿ ಲೋಕವೆಲ್ಲ ಯುದ್ಧದಲ್ಲಿ ಮುಳುಗಿದ್ದಾಗಲೂ ಶಿವಮೊಗ್ಗದ ಪೇಟೆಬೀದಿ ಈ ವಿಷಯದಲ್ಲಿ ಎಚ್ಚರ ತಪ್ಪಿರಲಿಲ್ಲ. ಐದೇ ಹೆಜ್ಜೆಯಾದರೆ ಗಂಡನಿಗೆ ಗಾಂಭೀರ್ಯ ಸಾಲದು. ಇಪ್ಪತ್ತಾದರೆ ಮನೆಯಲ್ಲಿ ಜಗಳ ನಡೆದಿದೆ. ನನ್ನ ಅಜ್ಜ, ಜವಳಿ ಅಂಗಡಿಯ ಏಕಾಂತಪ್ಪ, ಹನ್ನೆರಡು ಹೆಜ್ಜೆಯ ಮನುಷ್ಯ. ಅವನು ಮುಂದೆ, ಕೈಯಲ್ಲಿ ಕಪ್ಪು ಛತ್ರಿ. ಅಜ್ಜಿ ಜಗದಾಂಬಾ ಹಿಂದೆ, ಕೈಯಲ್ಲಿ ಉಳಿದ ಎಲ್ಲ ಸಾಮಾನು.

ಆ ಬೇಸಿಗೆಯಲ್ಲಿ ಇಬ್ಬರೂ ರೈಲು ಹತ್ತಿ ಭದ್ರಾವತಿಗೆ ಹೋದರು. ಅಜ್ಜಿಯ ತಮ್ಮ ಹಾಲಸ್ವಾಮಿ ಅಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ.

"ಭಾವ, ಬಟ್ಟೆ ಅಳೆದೂ ಅಳೆದೂ ನಿಮ್ಮ ಲೋಕ ಒಂದು ಗಜಕ್ಕೆ ಬಂದು ನಿಂತಿದೆ. ನಾಳೆ ಸೂಳೆಕೆರೆ ನೋಡ್ಕೊಂಡು ಬರೋಣ. ನೀರು ಅಂದ್ರೇನು ಅಂತ ಗೊತ್ತಾಗತ್ತೆ."

"ಅಲ್ಲಿ ಕಾಡುಪ್ರಾಣಿಗಳಿದಾವಂತಲ್ಲ?"

"ಇದಾವೆ. ನೀವು ಬರ್ತೀರಿ ಅಂತ ಅವಕ್ಕೆ ಇನ್ನೂ ಹೇಳಿಲ್ಲ."

ಅಜ್ಜ ನಗಲಿಲ್ಲ. ಅಜ್ಜಿಯ ಕಡೆ ತಿರುಗಿ, "ನೀನೇನೂ ಹೆದರ್ಬೇಡ. ನಾನು ಮುಂದೆ ಇರ್ತೀನಲ್ಲ" ಅಂದ. ಯಾರೂ ಕೇಳದೆ ಕೊಟ್ಟ ಈ ಮಾತೇ ಮುಂದೆ ಅವನ ಗಂಟಲಿಗೆ ಸಿಕ್ಕಿಕೊಂಡಿತು.

ಪೆಟ್ರೋಲು ಯುದ್ಧಕ್ಕೆ ಹೋಗಿತ್ತಾದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಹೊಗೆಯಿಂದಲೇ ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಿದರು. ಕೆರೆ ತಲುಪುವ ಹೊತ್ತಿಗೆ ಅಜ್ಜನ ಬಿಳಿ ಕೋಟು ಬೂದಿಬಣ್ಣಕ್ಕೆ ತಿರುಗಿತ್ತು. ಆದರೆ ಎರಡು ಗುಡ್ಡಗಳ ನಡುವೆ ಕಟ್ಟಿದ ಏರಿಯ ಮೇಲೆ ನಿಂತಾಗ ಅವನು ಕೋಟನ್ನೇ ಮರೆತ. ಆಚೆ ದಡ ಕಾಣದಷ್ಟು ನೀರು. ನೀರುನಾಯಿಗಳು ಮೀನು ಹಿಡಿದು, ಮದುವೆಮನೆಯಲ್ಲಿ ಊಟಕ್ಕೆ ಕುಳಿತವರ ಹಾಗೆ ಬಂಡೆಯ ಮೇಲೆ ಸಾಲಾಗಿ ಕುಳಿತು ತಿನ್ನುತ್ತಿದ್ದವು. "ನೋಡ್ರೀ, ನೋಡ್ರೀ" ಎಂದು ಅಜ್ಜಿ ಹನ್ನೆರಡು ಹೆಜ್ಜೆ ಮರೆತು ಪಕ್ಕಕ್ಕೇ ಬಂದಳು. ಅಜ್ಜ ಗಂಟಲು ಸರಿಮಾಡಿಕೊಂಡ. ಅವಳು ಹಿಂದೆ ಸರಿದಳು.

ರೊಟ್ಟಿಯ ಬುತ್ತಿ ಮುಗಿಸಿ ಹಾಲಸ್ವಾಮಿ ಏರಿಯ ಬದಿಯ ಗುಡಿಯ ನೆರಳಲ್ಲಿ ಮಲಗಿದ. ಗುಡ್ಡದ ಬುಡದಲ್ಲಿ ಕವಳೆ ಹಣ್ಣು ಕಂಡು ಅಜ್ಜಿಗೆ ಆಸೆಯಾಯಿತು. ಇಬ್ಬರೂ ಕಾಲುದಾರಿ ಹಿಡಿದರು. ಅಜ್ಜ ಮುಂದೆ, ಅಜ್ಜಿ ಹಿಂದೆ.

ಕವಳೆ ಹಣ್ಣಿನ ಆಸೆ ಕರಡಿಗೂ ಇತ್ತು. ದಾರಿಯ ತಿರುವಿನಲ್ಲಿ ಅದು ಪೊದೆಯಿಂದ ತಲೆಯೆತ್ತಿ ಅಜ್ಜನನ್ನು ನೋಡಿತು.

ಅಜ್ಜ ಹಿಂದಕ್ಕೆ ಓಡಿದ. ಹಿಂದೆ ಇದ್ದವಳು ಅಜ್ಜಿ. ಅವಳ ಭುಜಕ್ಕೆ ಭುಜ ತಾಗಿಸಿ, ಅವಳನ್ನು ದಾಟಿಕೊಂಡು ಓಡಿದ. ಛತ್ರಿ ಅವಳ ಕಾಲ ಬಳಿ ಬಿತ್ತು. ನಲವತ್ತೆಂಟು ವರ್ಷದ, ಅಂಗಡಿಯ ಮೆಟ್ಟಿಲನ್ನೂ ಗೋಡೆ ಹಿಡಿದು ಹತ್ತುತ್ತಿದ್ದ ಮನುಷ್ಯ ಒಂದು ಮತ್ತಿಮರವನ್ನು ಯಾರ ಸಹಾಯವೂ ಇಲ್ಲದೆ ಹತ್ತಿದ. ಮೇಲಿನಿಂದ ಕೆಳಗೆ ನೋಡಿದಾಗ ಹೆಂಡತಿಯ ನೆತ್ತಿಯ ಬೈತಲೆ ಕಂಡಿತು. ಅದರಾಚೆ ಕರಡಿ.

ಅಜ್ಜಿ ಬಗ್ಗಿ ಛತ್ರಿ ಎತ್ತಿಕೊಂಡಳು. ಕರಡಿ ಎದ್ದು ನಿಂತಿತು. ಅವಳು ಛತ್ರಿಯನ್ನು ಪಟ್ಟನೆ ಬಿಚ್ಚಿದಳು.

"ಹೋಗಪ್ಪಾ, ಹೋಗು. ನಿನ್ನ ಹಣ್ಣು ನೀನು ತಿನ್ನು. ನಾವು ಹೊರಟ್ವಿ."

ಇದ್ದಕ್ಕಿದ್ದ ಹಾಗೆ ಅಷ್ಟಗಲ ಆದ ಹೆಂಗಸನ್ನು ಕರಡಿ ಅದುವರೆಗೆ ನೋಡಿರಲಿಲ್ಲವೆಂದು ಕಾಣುತ್ತದೆ. ಒಮ್ಮೆ ಗುರುಗುಟ್ಟಿ, ಪೊದೆಯೊಳಗೆ ನುಗ್ಗಿ ಹೋಯಿತು. ಅಜ್ಜಿ ಛತ್ರಿ ಮಡಿಸಿ ತಲೆಯೆತ್ತಿದಳು.

"ಇಳೀರಿ. ಕರಡಿಗೆ ಮರ ಹತ್ತಕ್ಕೆ ಬರತ್ತೆ. ನಿಮಗಿಂತ ಚೆನ್ನಾಗಿ."

ಅಷ್ಟೇ ಅಂದದ್ದು. ಕೋಟಿನ ಮೇಲಿನ ತೊಗಟೆ ಕೊಡವಿ, ಛತ್ರಿಯನ್ನು ಅವನ ಕೈಗೇ ಕೊಟ್ಟಳು. ಬಯ್ದಿದ್ದರೆ ಅಜ್ಜ ಬದುಕಿಕೊಳ್ಳುತ್ತಿದ್ದ.

ಬಸ್ಸಿನಲ್ಲಿ ಹಾಲಸ್ವಾಮಿ, "ಭಾವ, ಪಂಚೆ ಹರಿದಿದೆಯಲ್ಲ?" ಅಂದ.

"ಕರಡಿ ಬಂದಿತ್ತು. ಇವರು ಛತ್ರಿ ಬಿಚ್ಚಿ ಓಡಿಸಿದ್ರು" ಅಂದಳು ಅಜ್ಜಿ.

ತಿದ್ದಲು ಅಜ್ಜನಿಗೆ ಭದ್ರಾವತಿಯವರೆಗೂ ಸಮಯವಿತ್ತು. ಬಸ್ಸು ನಿಧಾನವಾಗಿಯೇ ಹೋಗುತ್ತಿತ್ತು. ತಿದ್ದಲಿಲ್ಲ. ಹಾಲಸ್ವಾಮಿಯ ಮನೆ ಸೇರಿದ ಮೇಲೆ, ಅವಳೊಬ್ಬಳೇ ಇದ್ದಾಗ ಕೇಳಿದ: "ಸುಳ್ಳು ಯಾಕೆ ಹೇಳ್ದೆ?"

"ಮತ್ತೇನು ಹೇಳ್ಲಿ ಹೇಳಿ?"

ಸುದ್ದಿ ಅವರಿಗಿಂತ ಮೊದಲೇ ಶಿವಮೊಗ್ಗ ತಲುಪಿತ್ತು. ಪಕ್ಕದ ಪಾತ್ರೆ ಅಂಗಡಿಯ ಮಂಜಪ್ಪ ದಿನಕ್ಕೆ ಮೂರು ಸಲ ಗಿರಾಕಿಗಳನ್ನು ಕರೆತಂದು, "ಇವರೇ ನೋಡಿ" ಎಂದು ತೋರಿಸಿದ. ಅಜ್ಜ ಬೀದಿಯಲ್ಲಿ ಮುಂದೆ ನಡೆದಾಗ ಜನ ಕೈಮುಗಿದರು. ಅವನಿಗೆ ಕೇಳಿಸುತ್ತಿದ್ದದ್ದು ಬೆನ್ನ ಹಿಂದಿನ ಹೆಜ್ಜೆ ಮಾತ್ರ. ಅವಳ ಮುಂದೆ ನಡೆಯುವ ಮುಖ ತನಗೆಲ್ಲಿದೆ ಎಂದು ಅವನು ಒಬ್ಬನೇ ಅಡ್ಡದಾರಿ ಹಿಡಿದು ಅಂಗಡಿಗೆ ಹೋಗತೊಡಗಿದ.

ಸೋಮವಾರ ಸಂಜೆ ಪೇಟೆಯ ವ್ಯಾಪಾರಸ್ಥರು ಗುಡಿಯ ಅಂಗಳದಲ್ಲಿ ಶಾಲು ಹೊದಿಸಿದರು. ಶಾಲು ಅಜ್ಜನ ಅಂಗಡಿಯದೇ. ಹೆಂಗಸರ ಸಾಲಿನಲ್ಲಿ ಅಜ್ಜಿ ತಲೆತಗ್ಗಿಸಿ ಕುಳಿತಿದ್ದಳು.

"ಹೆಂಗೆ ಬಿಚ್ಚಿದ್ರಿ ಅಂತ ಒಂದ್ಸಲ ತೋರಿಸಿ ಮಾರಾಯ್ರೆ" ಎಂದು ಮಂಜಪ್ಪ ಛತ್ರಿಯನ್ನು ಕೈಗಿಟ್ಟ.

ಅಜ್ಜ ಎದ್ದು ನಿಂತ. ಛತ್ರಿ ಬಿಚ್ಚಲಿಲ್ಲ.

"ನಾನು ಓಡಿದೆ" ಅಂದ. "ಇವಳನ್ನ ದಾಟ್ಕೊಂಡು ಓಡಿದೆ. ಮರ ಹತ್ತಿ ಕೂತಿದ್ದೆ. ಓಡಿಸಿದ್ದು ಇವಳು."

ಮಂಜಪ್ಪ ಹೊಟ್ಟೆ ಹಿಡಿದು ನಕ್ಕ. "ನೋಡ್ರಪ್ಪಾ, ದೊಡ್ಡೋರ ವಿನಯ ಅಂದ್ರೆ ಇದು! ಹೆಂಡ್ತಿಗೆ ಬಿಟ್ಟುಕೊಟ್ಬಿಟ್ರು!" ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜ ಇನ್ನೊಮ್ಮೆ ಹೇಳಿದ. ಚಪ್ಪಾಳೆ ಇನ್ನೂ ಜೋರಾಯಿತು. ನಾಚಿಕೆಯನ್ನು ಬಯಲಿಗೆ ತಂದರೂ ಕೊಳ್ಳುವವರಿಲ್ಲ ಎಂದು ಆ ವ್ಯಾಪಾರಿಗೆ ಅಂದು ತಿಳಿಯಿತು.

ಮನೆಗೆ ಹೊರಟಾಗ ಅಜ್ಜ ಗುಡಿಯ ಬಾಗಿಲಲ್ಲೇ ನಿಂತ. ಅಜ್ಜಿಯೂ ಹಿಂದೆ ನಿಂತಳು.

"ನಡೀರಿ" ಅಂದಳು.

"ನೀನು ಮುಂದೆ ಹೋಗು."

"ಜನ ನೋಡ್ತಾರೆ ರೀ."

"ನೋಡ್ಲಿ. ನಾನು ಹಿಂದಿದ್ರೆ, ಓಡ್ಬೇಕು ಅನ್ನಿಸಿದ್ರೂ ನಿನ್ನ ದಾಟ್ಬೇಕಾಗಲ್ಲ."

ಅಜ್ಜಿ ಅವನ ಮುಖ ನೋಡಿದಳು. ಆಮೇಲೆ ಕೈ ಚಾಚಿ ಛತ್ರಿ ಇಸಿದುಕೊಂಡು ಮುಂದೆ ನಡೆದಳು.

ಇದನ್ನು ನನಗೆ ಹೇಳಿದವನು ಅಜ್ಜ. ಕರಡಿಯನ್ನು ಓಡಿಸಿದ್ದು ಅವರೇ ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಆ ಸೋಮವಾರದ ನಂತರ ಶಿವಮೊಗ್ಗದ ಪೇಟೆಬೀದಿಯಲ್ಲಿ ಅಜ್ಜಿ ಮುಂದೆ ನಡೆದಳು, ಅಜ್ಜ ಹಿಂದೆ ನಡೆದ. ಅಂತರ ಹನ್ನೆರಡು ಹೆಜ್ಜೆ.