ಕೊಳವೆಯ ಬಾಯಲ್ಲಿದ್ದ ಪುಂಡಿ

ಎಮ್ಮೆಯ ಕಲ್ಲುಬಾನಿಗೆ ನಲ್ಲಿ ನೀರಿನ ಎರಡನೆಯ ಕೊಡ ಸುರಿಯುತ್ತಿದ್ದೆ. ಎಮ್ಮೆ ಮೂತಿ ಹಾಕಿ ಸೊರ್ರನೆ ಎಳೆಯುತ್ತಿತ್ತು. ಊರ ಮೇಲ್ಗಡೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಬಂದಾಗಿನಿಂದ ನಮ್ಮ ದನಗಳು ಹಳ್ಳದ ನೀರಿಗೆ ಬಾಯಿ ಹಚ್ಚುತ್ತಿಲ್ಲ. ಪರಿಸರ ಕಚೇರಿಗೆ ನಾನು ಬರೆದ ದೂರಿನ ಪತ್ರ ಹೋದ ವರ್ಷದಿಂದ ಟ್ರಂಕಿನಲ್ಲೇ ಇತ್ತು. ಪುರಾವೆ ಇಲ್ಲದೆ ಕಳಿಸಿದರೆ ಕಸದ ಬುಟ್ಟಿಗೆ ಹೋಗುತ್ತದೆಂದು ಎಲ್ಲರೂ ಹೆದರಿಸಿದ್ದರು. ಆ ಪುರಾವೆ ಹುಡುಕಿ ಕೊಡಲು ಕೊಪ್ಪಳದ ಕಾಲೇಜಿನಿಂದ ಲಲಿತಾ ಮೇಡಂ ಅವತ್ತು ಬಲೆ ಹಿಡಿದು ಬಂದರು. ಕೊಡ ಅಲ್ಲೇ ಇಟ್ಟು ಅವರ ಹಿಂದೆ ಹೋದೆ.

ಕಾರ್ಖಾನೆಗಿಂತ ಮೇಲೆ ಹಳ್ಳಕ್ಕಿಳಿದು ಮೇಡಂ ಬಲೆಯನ್ನು ಹರಿವಿಗೆ ಎದುರಾಗಿ ಊರಿದರು. ಬಲೆಯ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕದಡಿದರು. ತಳದ ಹುಳುಗಳು ತೇಲಿ ಬಂದು ಬಲೆಗೆ ಬಿದ್ದವು. ಬಿಳಿ ತಟ್ಟೆಗೆ ಸುರಿದಾಗ ಮೂರು ಬಾಲದ ಸಣ್ಣ ಹುಳುಗಳು ಗಿಜಿಗುಟ್ಟಿದವು.

"ಇವು ಹೊಲಸು ನೀರಾಗ ಬದುಕೂದಿಲ್ಲ ಅಮ್ಮಾ. ಹೊಲಸು ಇವತ್ತು ಬಂದು ನಾಳೆ ಹರಕೊಂಡು ಹೋಗತೈತಿ. ಹುಳಾ ಅಲ್ಲೇ ಇರತಾವ. ಅವೇ ಸಾಕ್ಷಿ."

ಕಾರ್ಖಾನೆಯ ಕೊಳವೆಯ ಕೆಳಗೆ ಅಷ್ಟೇ ಹೊತ್ತು ಕದಡಿದರೂ ಹೊಲಸಿನಲ್ಲೇ ಬದುಕುವ ಕೆಂಪು ಹುಳು ಬಿಟ್ಟು ಬೇರೇನೂ ಸಿಗಲಿಲ್ಲ. ದಂಡೆಯ ಮೇಲೆ ಕಾರ್ಖಾನೆಯ ಮೇಸ್ತ್ರಿ ಉಮಾಪತಿ ಬೈಕ್ ನಿಲ್ಲಿಸಿ ನಗುತ್ತಿದ್ದ.

"ದುರಗಮ್ಮಾ, ಮುಪ್ಪಿನಾಗ ಸಾಲಿ ಕಲತಿದ್ದು ಹುಳಾ ಎಣಿಸಾಕೇನು?"

"ಹೌದಪಾ. ಇಳಿ, ನಿನ್ನೂ ಲೆಕ್ಕಕ್ಕ ಹಿಡೀತೀವಿ."

"ಮೊದಲ ಆ ಪುಂಡಿ ಹಿಡೀರಿ. ನೀರು ಕೆಡಿಸಿದ್ದು ಅದೋ, ನಾವೋ?"

ಕೊಳವೆಯ ಬಾಯಲ್ಲೇ ನನ್ನ ಓರಗಿತ್ತಿ ಗಾಳೆಮ್ಮ ಹಗ್ಗದ ನಾರಿಗೆಂದು ಕೊಯ್ದ ಪುಂಡಿ ಗಿಡದ ಹೊರೆಗಳು ಕಲ್ಲು ಹೇರಿಸಿಕೊಂಡು ಕೊಳೆಯುತ್ತಿದ್ದವು. ಕಾರ್ಖಾನೆಯ ಬೆಚ್ಚನೆಯ ನೀರಿಗೆ ದಂಟಿನಿಂದ ನಾರು ಬೇಗ ಬಿಡುತ್ತದೆಂದು ಅವಳು ಅಲ್ಲಿಟ್ಟಿದ್ದಳು. ಮೇಡಂ ಮುಖ ಸಣ್ಣದಾಯಿತು. ಪುಂಡಿ ಕೊಳೆತರೂ ಮೂರು ಬಾಲದ ಹುಳುಗಳು ಸಾಯುತ್ತವಂತೆ. ಹೊರೆ ತೆಗೆದು, ತಿಂಗಳು ಬಿಟ್ಟು ನೋಡದ ಹೊರತು ಏನೂ ಬರೆದುಕೊಡಲಾರೆ ಎಂದರು.

ಸುದ್ದಿ ತಿಳಿದು ಗಾಳೆಮ್ಮ ಕುಡಗೋಲು ಹಿಡಿದೇ ಬಂದಳು.

"ಮುಟ್ಟಿ ನೋಡು. ಅರ್ಧಾ ಕೊಳತದ್ದು ತಗದ್ರ ನಾರು ಹಾಳು. ಹಗ್ಗಕ್ಕ ನಿನ್ನ ಜಡಿ ಕೊಡತೀಯೇನ?"

"ನನ್ನ ಹೊಂಡದಾಗ ಹಾಕತೀನಿ. ಕೊಳತ ಮ್ಯಾಲ ಒಯ್ಯಿ."

"ಹೊಂಡ ಐತೆಂತ ತೋರಸಾಕ ಬಂದಾಳ."

ಅವಳು ಬೈಯುತ್ತಲೇ ಇದ್ದಳು. ನಾನು ಸೊಂಟಮಟ ಇಳಿದು ಹೊರೆಗಳನ್ನು ಎಳೆದು, ನಾರುವ ನೀರನ್ನು ಸೀರೆಯ ಮೇಲೆ ಸುರಿಸಿಕೊಂಡು ನನ್ನ ಹೊಲಕ್ಕೆ ಸಾಗಿಸಿದೆ. ಮುಂದೆ ತಿಂಗಳಿಡೀ ಆ ನಾತಕ್ಕೆ ನನ್ನ ಹೊಂಡದ ಹತ್ತಿರ ಯಾರೂ ನಿಲ್ಲುವ ಹಾಗಿರಲಿಲ್ಲ.

ಮೇಡಂ ಮತ್ತೆ ಬಂದರು. ಮೇಲೆ ಮೂರು ಬಾಲದವು ಇದ್ದವು. ಕೊಳವೆಯ ಕೆಳಗೆ, ಪುಂಡಿ ಇಲ್ಲದೆಯೂ, ಬರೀ ಕೆಂಪು ಹುಳು. ಅಲ್ಲೇ ಕುಳಿತು ವರದಿ ಬರೆದುಕೊಟ್ಟರು. ಉಮಾಪತಿ ಅವತ್ತು ಬೈಕ್ ನಿಲ್ಲಿಸದೆ ದಂಡೆ ದಾಟಿದ.

ಸಂಜೆ ನಾರು ಒಯ್ಯಲು ಬಂದ ಗಾಳೆಮ್ಮ ನನ್ನ ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತಿದಳು.

"ನಿನ್ನ ಸಲುವಾಗಿ ಅಲ್ಲ. ನನ್ನ ಎಮ್ಮಿನೂ ಆ ನೀರು ಮುಟ್ಟವಲ್ದು."

ಬೆರಳಿನ ಮಸಿಯನ್ನು ನನ್ನ ಗೋಡೆಗೇ ಒರೆಸಿ ಹೋದಳು.

ಮರುದಿನ ಅಳವಂಡಿಯ ಅಂಚೆ ಕಚೇರಿಯಲ್ಲಿ ಪತ್ರವನ್ನೂ ವರದಿಯನ್ನೂ ಒಂದೇ ಲಕೋಟೆಗೆ ಹಾಕಿ ರಿಜಿಸ್ಟರ್ ಮಾಡಿಸಿದೆ.