ಹೋಲಿಕೆಗೆ ಕೊಟ್ಟ ರಕ್ತ

ನಮ್ಮ ಪ್ರಯೋಗಾಲಯದಲ್ಲಿ ಒಂದು ರೂಢಿಯಿದೆ. ರೋಗಿಯ ರಕ್ತದ ಜೊತೆ ಹೋಲಿಸಲು ಆರೋಗ್ಯವಂತರ ರಕ್ತ ಬೇಕಾದರೆ ಹೊರಗೆಲ್ಲೂ ಹುಡುಕುವುದಿಲ್ಲ. ಕೈಗೆ ಸಿಕ್ಕವರು ತೋಳು ಚಾಚುತ್ತಾರೆ. ಆ ದಿನ ಸಿಕ್ಕವಳು ನಾನು. ನಿಮ್ಮ ಮೈಯಲ್ಲಿ ರಕ್ತಕ್ಕಿಂತ ಸಿಟ್ಟೇ ಜಾಸ್ತಿ ಎಂದು ಸಹೋದ್ಯೋಗಿ ಸೂಜಿ ಚುಚ್ಚುತ್ತ ರೇಗಿಸಿದಳು.

ನಾವು ನರದ ಗಡ್ಡೆಗಳ ಹಿಂದೆ ಬಿದ್ದವರು. ಅವು ಕ್ಯಾನ್ಸರ್ ಅಲ್ಲ, ಹಾಗೆಂದು ಸಾಧುವೂ ಅಲ್ಲ. ಕೂತ ನರವನ್ನೇ ಅದುಮಿ ಹಾಳುಮಾಡುತ್ತವೆ. ಬೆಳೆಯುತ್ತಿರು ಎಂಬ ಸಂಕೇತ ಜೀವಕೋಶದ ಹೊರಪೊರೆಯಿಂದ ಒಳಭಾಗದವರೆಗೆ ಕೈಯಿಂದ ಕೈಗೆ ದಾಟುತ್ತದೆ. ಅದನ್ನು ತಡೆಯುವ ಪ್ರೋಟೀನ್ ಇಲ್ಲವಾದರೆ ಬೆಳವಣಿಗೆಗೆ ಲಂಗುಲಗಾಮಿಲ್ಲ. ಆ ದಾರಿಯನ್ನು ನಡುವೆಯೇ ಮುಚ್ಚುವ ಮಾತ್ರೆಯೊಂದನ್ನು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದರು.

ನನ್ನ ಅಣ್ಣನ ಎರಡೂ ಕಿವಿಯ ನರಗಳಲ್ಲಿ ಅಂಥ ಗಡ್ಡೆಗಳಿವೆ. ಬಲಗಿವಿ ಆಗಲೇ ಹೋಗಿದೆ. ಮಾತ್ರೆ ತಗೋ ಎಂದು ಎಷ್ಟು ಗಂಟುಬಿದ್ದರೂ ಅವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಉಳಿದಿರುವ ಒಂದು ಕಿವಿಯನ್ನು ನಿಮ್ಮ ಆಟಕ್ಕೆ ಕೊಡಲಾರೆ ಎಂದ. ಅಪ್ಪ ಅಮ್ಮನಿಗೆ ಈ ಕಾಯಿಲೆ ಇರಲಿಲ್ಲ, ಇದು ಅವನಿಂದಲೇ ಶುರುವಾದದ್ದು ಎಂದು ಡಾಕ್ಟರು ಹೇಳಿದ್ದನ್ನು ಎಲ್ಲರೂ ನಂಬಿದ್ದೆವು. ದಿನವೂ ಇದೇ ಕೆಲಸ ಮಾಡುವ ನನಗೆ, ನನ್ನನ್ನೂ ಪರೀಕ್ಷಿಸಿಕೊಳ್ಳಬೇಕೆಂದು ಹೊಳೆದಿರಲಿಲ್ಲ.

ಫಲಿತಾಂಶ ಬಂದಾಗ ಆರೋಗ್ಯವಂತರ ಸಾಲಿನಲ್ಲಿದ್ದ ನನ್ನ ರಕ್ತದಲ್ಲಿ ಆ ಪ್ರೋಟೀನ್ ಅರ್ಧವೇ ಇತ್ತು. ಕೊಳವೆ ಅದಲುಬದಲು ಮಾಡಿದ್ದೀಯ ಎಂದು ಸಹೋದ್ಯೋಗಿಗೆ ಬಾಯಿಗೆ ಬಂದಂತೆ ಬೈದೆ. ಅವಳು ಮತ್ತೆ ರಕ್ತ ತೆಗೆದಳು. ಮತ್ತೆ ಅರ್ಧ. ಕೊನೆಗೆ ಜೀನ್ ಓದಿಸಿದರೆ, ಅಣ್ಣನಲ್ಲಿ ಎಲ್ಲಿ ತಪ್ಪಿತ್ತೋ ನನ್ನಲ್ಲೂ ಅಲ್ಲೇ. ಅಂದರೆ ಅದು ಅಣ್ಣನಿಂದ ಶುರುವಾದದ್ದಲ್ಲ; ಅಪ್ಪನ ಅಥವಾ ಅಮ್ಮನ ಕೆಲವು ಜೀವಕೋಶಗಳಲ್ಲಷ್ಟೇ, ಕಾಯಿಲೆಯಾಗಿ ತೋರದೆ ಅಡಗಿತ್ತು.

ಕಣ್ಣ ಮುಂದೆ ಬಂದವಳು ನನ್ನ ಪುಟ್ಟ ಮಗಳು. ಅವಳಿಗೂ ಇದು ದಾಟಿರುವ ಸಾಧ್ಯತೆ ಅರ್ಧಕ್ಕರ್ಧ. ಇದೇ ಲೆಕ್ಕವನ್ನು ಎಷ್ಟೋ ತಾಯಂದಿರಿಗೆ ನಾನು ತಣ್ಣಗೆ ವಿವರಿಸಿದ್ದೇನೆ. ಅವರು ಯಾಕೆ ಹಾಗೆ ಪೆಚ್ಚಾಗಿ ಕೂರುತ್ತಿದ್ದರೆಂದು ಈಗ ಗೊತ್ತಾಯಿತು.

ಸಂಜೆ ಅಣ್ಣನ ಎಡಗಡೆ ಕೂತು ಎಲ್ಲವನ್ನೂ ಹೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಪುಟ್ಟಿಗೂನಾ?"

"ಗೊತ್ತಿಲ್ಲ. ನಾಳೆ ಅವಳ ರಕ್ತ ತೆಗೀತಾರೆ."



"ನಾಳೆ ನಾನೂ ಬರ್ತೀನಿ," ಎಂದ. "ಆ ಮಾತ್ರೆ ನನಗೆ ಕೊಡ್ಸು."

"ಇರೋ ಕಿವೀನೂ ಹೋದ್ರೆ?"

"ಹೋಗ್ಲಿ. ಅವಳಿಗೆ ಬೇಕಾಗೋ ಹೊತ್ತಿಗೆ, ಅದು ಕೆಲಸ ಮಾಡತ್ತೋ ಇಲ್ವೋ ಅಂತ ನಿಮಗೆ ಗೊತ್ತಿರ್ಬೇಕಲ್ಲ."