ಗಾಜಿನ ಸಂಶೋಧನೆ

ಗಾಜಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದು ನಗ್ಮಾ ಮನೆಯಲ್ಲಿ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಅಪ್ಪ ನಿಯಾಜ್‌ಗೆ ಗುಂಡ್ಲುಪೇಟೆಯಲ್ಲಿ ಬಳೆ ಅಂಗಡಿ. ಗಾಜು ಅಂದಕೂಡಲೇ ಅವರ ಮುಖ ಮೊರದಗಲವಾಯಿತು. ತೆರಕಣಾಂಬಿಯಿಂದ ಬಳೆಗೆ ಬಂದ ಹೆಂಗಸರಿಗೆಲ್ಲ "ನಮ್ ಮಗ್ಳು ಗಾಜಿನ್ ಡಾಕ್ಟ್ರು ಆಯ್ತಾವ್ಳೆ ಕಣಮ್ಮ" ಎಂದು ಹೇಳಿಯೇ ಬಳೆ ತೊಡಿಸುತ್ತಿದ್ದರು. ಅದು ಯಾವುದರಿಂದಾದ ಗಾಜು ಎಂಬುದನ್ನು ಮಾತ್ರ ನಗ್ಮಾ ಬಾಯಿಬಿಟ್ಟಿರಲಿಲ್ಲ. ಆಲ್ಕೋಹಾಲ್. ಕುಡಿಯುವುದಲ್ಲ, ಪ್ರೊಪನಾಲ್ ಎಂಬ ಲ್ಯಾಬಿನ ಸರಕು. ಆದರೂ ಆ ಹೆಸರನ್ನು ಅಬ್ಬಾನ ಮುಂದೆ ಎತ್ತಲು ಅವಳಿಗೆ ನಾಚಿಕೆ. ಕಲಿತ ವಿದ್ಯೆಯ ಹೆಸರು ಹೇಳಲು ನಾಚುವವಳು ಕಲಿತದ್ದಾದರೂ ಏನು!

ಚಾಮರಾಜನಗರದಲ್ಲಿ ಅವಳು ಪಾಠ ಮಾಡುವ ಕಾಲೇಜಿನಲ್ಲಿ ಅಂದು ವಿಜ್ಞಾನ ಮೇಳ. ದನದ ಆಸ್ಪತ್ರೆಯವರನ್ನು ಕಾಡಿ ಬೇಡಿ ಪ್ರೊಪನಾಲನ್ನು ತಣ್ಣಗಾಗಿಸಲು ದ್ರವ ಸಾರಜನಕದ ಕ್ಯಾನು ತರಿಸಿದ್ದಳು. ಅವಳ ನೆಚ್ಚಿನ ವಿದ್ಯಾರ್ಥಿನಿ, ಹರದನಹಳ್ಳಿಯ ಶೃತಿ, ಸೀಸೆ ತೋರಿಸುತ್ತ ಬಂದವರಿಗೆಲ್ಲ ವಿವರಿಸುತ್ತಿದ್ದಳು.

"ಈ ಆಲ್ಕೋಹಾಲನ್ನ ಎರಡು ತಗಡಿನ ಮಧ್ಯೆ ಇಟ್ಟು ಕರೆಂಟಿನ ದಿಕ್ಕು ಬದಲಾಯಿಸ್ತಾ ಇದ್ರೆ ಅದರ ಅಣುಗಳೂ ಆ ಕಡೆ ಈ ಕಡೆ ತಿರುಗ್ತವೆ. ಬೇಗ ತಣ್ಣಗೆ ಮಾಡುದ್ರೆ ಅದು ಹರಳುಗಟ್ಟಲ್ಲ, ಜೇನುತುಪ್ಪದಂಗೆ ಮಂದ ಆಯ್ತದೆ. ತಿರುಗೋದು ತಡ ಆಯ್ತದೆ. ಆ ತಡಾನೇ ನಮ್ಮ ಮಿಸ್ ಅಳೆಯೋದು. ಇನ್ನೂ ತಣ್ಣಗಾದ್ರೆ ಗಾಜಾಗ್ಬುಡ್ತದೆ. ಆಮೇಲೆ ತಿರುಗೋ ಮಾತೇ ಇಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ನಿಯಾಜ್. ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದರು. ನಗ್ಮಾ ಬಾಗಿಲತ್ತ ಧಾವಿಸಿದಳು. ಅವಳು ಎದುರು ಹೋಗುವ ಮೊದಲೇ ಕೆಮಿಸ್ಟ್ರಿಯ ಶಿವಸ್ವಾಮಿ ಮೇಷ್ಟ್ರು ಅವರ ಕೈ ಹಿಡಿದುಕೊಂಡಾಗಿತ್ತು. ಮೇಷ್ಟ್ರಿಗೆ ತಮಾಷೆ ಮಾಡದಿದ್ದರೆ ತಿಂದದ್ದು ಅರಗುವುದಿಲ್ಲ.

"ಬನ್ನಿ ಸಾಬ್ರೆ! ನಿಮ್ ಮಗ್ಳು ಎಣ್ಣೇಲಿ ಪಿಎಚ್.ಡಿ. ಕಣ್ರೀ. ಅಪ್ಪಟ ಆಲ್ಕೋಹಾಲು!"

ನಿಯಾಜ್ ನಗಲಿಲ್ಲ. "ತಮಾಸೆಗೂ ಅಂಗನ್ಬೇಡಿ ಸಾರ್. ನಮ್ ಮಗ್ಳದು ಗಾಜಿನ್ ಕೆಲ್ಸ" ಎಂದವರು ಮಗಳತ್ತ ತಿರುಗಿದರು. "ನೀನೇ ಹೇಳ್ಬುಡು ಬೇಟಾ."

ಹೇಳಬಹುದಿತ್ತು. ಸೂಜಿ ಚುಚ್ಚುವ ಮೊದಲು ನರ್ಸಮ್ಮ ತೋಳಿಗೆ ಒರೆಸುವ ಸ್ಪಿರಿಟ್ಟೂ ಇದೇ ಜಾತಿಯದು ಅಬ್ಬಾ ಎಂದಿದ್ದರೆ ಮುಗಿಯುತ್ತಿತ್ತು. ಅವರೇನು ಅರ್ಥ ಮಾಡಿಕೊಳ್ಳದ ಮನುಷ್ಯರಲ್ಲ. ಆದರೆ ನಗ್ಮಾಳ ಬಾಯಿಂದ ಹೊರಟದ್ದು ಇಷ್ಟೇ: "ಅದೆಲ್ಲ ಏನೂ ಇಲ್ಲ ಅಬ್ಬಾ. ಬರೀ ಗಾಜು."

ಮೇಷ್ಟ್ರ ನಗು ಅರ್ಧಕ್ಕೇ ನಿಂತಿತು. ನಿಯಾಜ್‌ಗೆ ಅವರ ಬಾಯಿ ಪೂರ್ತಿ ಮುಚ್ಚಿಸಬೇಕಿತ್ತೇನೋ, ಶೃತಿಯನ್ನು ಕೇಳಿದರು. "ಆ ಸೀಸೇಲಿರೋದು ಏನಮ್ಮಿ?"

ಶೃತಿ ಮಿಸ್ಸಿನ ಮುಖ ನೋಡಿದಳು. ನಗ್ಮಾ ತಲೆ ತಗ್ಗಿಸಿದಳು. ಜಾಣ ಹುಡುಗಿಗೆ ಅಷ್ಟೇ ಸಾಕಾಯಿತು.

"ನೀರು ಅಂಕಲ್."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನಗ್ಮಾಳಿಗೆ. ಅಳತೆಯಲ್ಲಿ ಒಂದು ಚುಕ್ಕಿ ಆಚೀಚೆಯಾದರೂ "ಇದ್ದದ್ದನ್ನ ಇದ್ದಂಗೆ ಬರಿ" ಎಂದು ಇದೇ ಹುಡುಗಿಯನ್ನು ಗದರಿದವಳು ಅವಳು. ಆ ಹುಡುಗಿ ಈಗ ಅವಳ ಮಾನ ಮುಚ್ಚಲು ಕಣ್ಣು ಮಿಟುಕಿಸದೆ ಸುಳ್ಳು ಹೇಳಿತ್ತು.

ನಿಯಾಜ್ ಖುಷಿಯಿಂದ ಶೃತಿಯ ತಲೆ ಸವರಿದರು. "ಚೆನ್ನಾಗ್ ಓದು. ನಿಮ್ ಮಿಸ್ ತರಾನೇ ನಿಯತ್ತಾಗಿರ್ಬೇಕು ಕಣಮ್ಮಿ."

"ಹೂಂ ಅಂಕಲ್" ಎಂದಳು ಶೃತಿ. ನಗ್ಮಾಳ ಕಡೆ ನೋಡಲಿಲ್ಲ.